ಸುರಯ್ಯಾ ನಕ್ಷತ್ರ ಮತ್ತು ಮಳೆಯ ಲೆಕ್ಕ

ನಮ್ಮ ಮನೆಗಳಲ್ಲಿ ಸುರಯ್ಯಾ ಎಂಬ ಹೆಣ್ಣುಮಕ್ಕಳಿದ್ದಾರೆ, ಸುಹೈಲ್ ಎಂಬ ಗಂಡುಮಕ್ಕಳಿದ್ದಾರೆ. ಇವೆರಡೂ ಆಕಾಶದ ನಕ್ಷತ್ರಗಳ ಹೆಸರುಗಳೆಂದು ಎಷ್ಟು ಮಂದಿಗೆ ಗೊತ್ತು? ಸುರಯ್ಯಾ ಎಂದರೆ ನಮ್ಮ ರೈತರ ಕೃತ್ತಿಕೆ. ಸುಹೈಲ್ ಎಂದರೆ ಅಗಸ್ತ್ಯ. ಒಂದು ಕಾಲದಲ್ಲಿ ಅರಬ್ ನಾಡಿನ ಕುರಿ ಕಾಯುವವನೂ ಖರ್ಜೂರ ಬೆಳೆಯುವವನೂ ಹಡಗು ನಡೆಸುವವನೂ ಈ ಎರಡು ನಕ್ಷತ್ರಗಳನ್ನು ನೋಡಿಯೇ ಮಳೆ, ಗಾಳಿ, ಸೆಕೆ, ಚಳಿಗಳ ಲೆಕ್ಕ ಹಾಕುತ್ತಿದ್ದರು.

ಈ ವಿಷಯವನ್ನು ಬರೆಯಬೇಕೆನಿಸಿದ್ದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ನಮ್ಮ ಊರಿನ ಮಸೀದಿಯ ಜಗಲಿಯಲ್ಲಿ ಅಸರ್ ನಮಾಜಿನ ನಂತರ ನಾಲ್ಕಾರು ಜನ ಕುಳಿತಿದ್ದರು. ಅಡಿಕೆ ತೋಟದ ಚಾಚಾ ಒಬ್ಬರು, "ಮೃಗಶಿರ ಮಳೆ ಕೈಕೊಟ್ಟಿತು, ಇನ್ನು ಆರಿದ್ರೆಯೇ ಗತಿ" ಅಂದರು. ಪಟ್ಟಣದಲ್ಲಿ ಓದಿ ಬಂದಿದ್ದ ಯುವಕನೊಬ್ಬ ತಟ್ಟನೆ, "ಚಾಚಾ, ಹಾಗೆನ್ನಬೇಡಿ. ನಕ್ಷತ್ರ ಮಳೆ ಕೊಡುತ್ತದೆ ಅನ್ನುವುದು ಶಿರ್ಕ್. ಹದೀಸಿನಲ್ಲಿ ಸ್ಪಷ್ಟವಾಗಿದೆ" ಎಂದ. ಎಪ್ಪತ್ತು ದಾಟಿದ ಆ ಹಿರಿಯರು ಮುಖ ಕೆಳಗೆ ಹಾಕಿದರು. ಆ ದಿನದ ಮಾತು ಅಲ್ಲಿಗೇ ನಿಂತಿತು. ಐದು ಹೊತ್ತು ನಮಾಜ್ ಬಿಡದ, ಬಾಯಿ ತೆರೆದರೆ 'ಇನ್‌ಷಾ ಅಲ್ಲಾಹ್' ಅನ್ನುವ ಆ ಮನುಷ್ಯ ನಿಜವಾಗಿಯೂ ಶಿರ್ಕ್ ಮಾಡುತ್ತಿದ್ದರೇ? ಯುವಕ ಹೇಳಿದ ಹದೀಸ್ ಸುಳ್ಳಲ್ಲ. ಆದರೆ ಆ ಹದೀಸಿನ ಹಿಂದಿರುವ ಚರಿತ್ರೆ ಅವನಿಗೆ ತಿಳಿದಿರಲಿಲ್ಲ. ನನಗೂ ಆಗ ತಿಳಿದಿರಲಿಲ್ಲ.

ಆ ಚರಿತ್ರೆ ಇಸ್ಲಾಮಿಗಿಂತ ಹಿಂದಿನದು. ಅರೇಬಿಯಾದಲ್ಲಿ ಮಳೆಯೆಂದರೆ ಜೀವ. ಎಲ್ಲಿ ಮಳೆ ಬಿದ್ದಿತೋ ಅಲ್ಲಿ ಹುಲ್ಲು, ಎಲ್ಲಿ ಹುಲ್ಲೋ ಅಲ್ಲಿಗೆ ಒಂಟೆ, ಒಂಟೆಯ ಹಿಂದೆ ಡೇರೆ. ಬುಡಕಟ್ಟು ಹೊರಡುವ ಮೊದಲು ಒಬ್ಬನನ್ನು ಮುಂದೆ ಕಳುಹಿಸುತ್ತಿದ್ದರು. ಅವನಿಗೆ 'ರಾಯಿದ್' ಎಂದು ಹೆಸರು. ಹುಲ್ಲು ನೀರು ಎಲ್ಲಿದೆಯೆಂದು ನೋಡಿ ಬರುವುದು ಅವನ ಕೆಲಸ. ಅವನು ಸುಳ್ಳು ಹೇಳಿದರೆ ಇಡೀ ಬುಡಕಟ್ಟು ಬಾಯಾರಿ ಸಾಯಬೇಕಿತ್ತು. ದೂರದಲ್ಲಿ ಮಿಂಚಿದರೆ ಎಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ಸಲ ಎಂದು ಗಮನಿಸುತ್ತ ಕೂರುವುದಕ್ಕೆಂದೇ 'ಶೈಮ್' ಎಂಬ ಶಬ್ದ ಅರಬಿಯಲ್ಲಿದೆ. ಎಪ್ಪತ್ತು ಮಿಂಚು ಎಣಿಸಿದ ಮೇಲೆ ರಾಯಿದನನ್ನೂ ಕಳುಹಿಸದೆ ಮಳೆ ಖಚಿತವೆಂದು ಡೇರೆ ಕಿತ್ತು ಹೊರಡುತ್ತಿದ್ದರೆಂದು ಹಳೆಯ ಅರಬಿ ಗ್ರಂಥಗಳಲ್ಲಿ ಬರುತ್ತದೆ.

ಆದರೆ ಮಿಂಚು ಇಂದಿನ ಮಾತು. ವರ್ಷದ ಲೆಕ್ಕಕ್ಕೆ ಅವರು ನಂಬಿದ್ದು ನಕ್ಷತ್ರಗಳನ್ನು. ಚಂದ್ರನು ತಿಂಗಳಲ್ಲಿ ಸಾಗುವ ದಾರಿಯನ್ನು 28 ತಂಗುದಾಣಗಳಾಗಿ, ಅಂದರೆ 'ಮನಾಝಿಲ್'ಗಳಾಗಿ, ಗುರುತಿಸಿದ್ದರು. ಚಂದ್ರನಿಗೆ ಮನಾಝಿಲ್‌ಗಳನ್ನು ನಿಶ್ಚಯಿಸಿದ ವಿಚಾರ ಕುರ್‌ಆನಿನ ಯೂನುಸ್ ಮತ್ತು ಯಾಸೀನ್ ಸೂರಾಗಳಲ್ಲಿ ಬಂದಿರುವುದು ನಿಮಗೆ ನೆನಪಿರಬಹುದು. ಬೆಳಗಿನ ಜಾವ, ಇನ್ನೂ ಸೂರ್ಯ ಹುಟ್ಟುವ ಮೊದಲು, ಈ ನಕ್ಷತ್ರಗಳಲ್ಲೊಂದು ಪಶ್ಚಿಮದಲ್ಲಿ ಮುಳುಗುವಾಗ ಅದಕ್ಕೆ ಎದುರಾದ ಇನ್ನೊಂದು ಪೂರ್ವದಲ್ಲಿ ಏಳುತ್ತದೆ. ಈ ಮುಳುಗುವಿಕೆಗೆ 'ನೌಅ್' ಎಂದೂ, ಬಹುವಚನದಲ್ಲಿ 'ಅನ್ವಾ' ಎಂದೂ ಹೆಸರು. ಒಂದು ನಕ್ಷತ್ರ ಮುಳುಗಿ ಮುಂದಿನದು ಮುಳುಗುವವರೆಗೆ ಸುಮಾರು 13 ದಿನ. 28ನ್ನು 13ರಿಂದ ಗುಣಿಸಿದರೆ 364. ಉಳಿದ ಒಂದು ದಿನವನ್ನು 'ಜಬ್‌ಹಾ' ಎಂಬ ನಕ್ಷತ್ರಕ್ಕೆ ಸೇರಿಸಿ ಅದಕ್ಕೆ ಮಾತ್ರ 14 ದಿನ ಕೊಟ್ಟರು. ವರ್ಷ ಸರಿಹೋಯಿತು. ಅಕ್ಷರ ಬಾರದ ಬದುವಿಗಳ ಪಂಚಾಂಗ ಇದು!

ನಮ್ಮ ರೈತರ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ನಕ್ಷತ್ರಗಳು 27. ಸೂರ್ಯನು ಒಂದೊಂದರಲ್ಲಿ 13 ಅಥವಾ 14 ದಿನ ಇರುತ್ತಾನೆ. ಏಪ್ರಿಲ್ ನಡುವಿನಲ್ಲಿ ಅಶ್ವಿನಿಯಿಂದ ತೊಡಗಿ ಭರಣಿ, ಕೃತ್ತಿಕೆ, ರೋಹಿಣಿ ದಾಟಿ, ಜೂನ್ 8ರ ಹೊತ್ತಿಗೆ ಮೃಗಶಿರ, 21-22ಕ್ಕೆ ಆರಿದ್ರೆ. ಹೀಗೆ ನವೆಂಬರಿನ ವಿಶಾಖೆಯವರೆಗೆ ಮಳೆಗಳಿಗೆ ಹೆಸರಿದೆ. ಭರಣಿಯ ಮಳೆಗೂ ಧರಣಿಯ ಬೆಳೆಗೂ ಪ್ರಾಸ ಕೂಡಿಸಿದ ಗಾದೆ ಯಾರಿಗೆ ತಿಳಿಯದು? ಹೆಸರು ಬೇರೆ, ಎಣಿಸುವ ರೀತಿ ಬೇರೆ, ಆದರೆ ಹದಿಮೂರು ದಿನದ ಆ ಅಳತೆ ಮರಳುಗಾಡಿನಲ್ಲೂ ಮಲೆನಾಡಿನಲ್ಲೂ ಒಂದೇ.

ಇನ್ನು ಶಿರ್ಕಿನ ಮಾತಿಗೆ ಬರೋಣ. ಜಾಹಿಲಿಯ್ಯಾ ಕಾಲದಲ್ಲಿ ಜನರು ನಕ್ಷತ್ರವನ್ನು ಲೆಕ್ಕಕ್ಕೆ ಮಾತ್ರ ಇಟ್ಟುಕೊಂಡಿರಲಿಲ್ಲ. ಇಂಥ ನಕ್ಷತ್ರ ನಮಗೆ ಮಳೆ ಕೊಟ್ಟಿತು, ಇಂಥದ್ದು ಮೋಸ ಮಾಡಿತು ಎನ್ನುತ್ತಿದ್ದರು. ಮಳೆ ಬಾರದಿದ್ದರೆ ಅದನ್ನು ಬಲವಂತವಾಗಿ ಬರಿಸುವ ಆಚರಣೆಗಳೂ ಇದ್ದವು. ಹಿಜರಿ ಮೂರನೇ ಶತಮಾನದ ದೊಡ್ಡ ಲೇಖಕ ಅಲ್-ಜಾಹಿಜ್ ತಮ್ಮ 'ಕಿತಾಬುಲ್ ಹಯವಾನ್' ಗ್ರಂಥದಲ್ಲಿ ಅಂಥದೊಂದನ್ನು ವಿವರಿಸಿದ್ದಾರೆ. ಬರಗಾಲದಲ್ಲಿ ದನಗಳ ಬಾಲಕ್ಕೆ ಒಣ ಪೊದೆಗಳನ್ನು ಕಟ್ಟಿ, ಬೆಟ್ಟ ಹತ್ತಿಸಿ, ಆ ಪೊದೆಗಳಿಗೆ ಬೆಂಕಿ ಹಚ್ಚುತ್ತಿದ್ದರಂತೆ! ಹೊಗೆ ಮೋಡದಂತೆ, ಬೆಂಕಿ ಮಿಂಚಿನಂತೆ, ಪ್ರಾಣಿಗಳ ಆರ್ತನಾದ ಗುಡುಗಿನಂತೆ ಕಂಡಿತೋ ಏನೋ, ಇದು ನನ್ನ ಊಹೆ. ನಮ್ಮಲ್ಲಿ ಕಪ್ಪೆಗಳಿಗೂ ಕತ್ತೆಗಳಿಗೂ ಮದುವೆ ಮಾಡಿಸುವವರನ್ನು ನೋಡಿ ನಗುವ ಮೊದಲು ಇದನ್ನೂ ನೆನೆಯಬೇಕು. ಬರ ಮನುಷ್ಯನನ್ನು ಎಲ್ಲೆಡೆಯೂ ಒಂದೇ ರೀತಿ ಕಂಗೆಡಿಸುತ್ತದೆ.

ಪ್ರವಾದಿ ಮುಹಮ್ಮದ್ (ಸ) ಈ ಎಲ್ಲ ಆಚರಣೆಗಳ ಜಾಗದಲ್ಲಿ ಒಂದನ್ನೇ ಇಟ್ಟರು. ಬಯಲಿಗೆ ಹೊರಟು ಎರಡು ರಕಅತ್ ನಮಾಜ್ ಮಾಡಿ, ಹೊದೆದ ಚಾದರವನ್ನು ತಿರುಗಿಸಿ ಹಾಕಿಕೊಂಡು, ಅಲ್ಲಾಹನಲ್ಲಿ ಮಳೆ ಬೇಡುವ 'ಇಸ್ತಿಸ್ಕಾ' ನಮಾಜ್. ಬರದ ವರ್ಷಗಳಲ್ಲಿ ನಮ್ಮ ಈದ್ಗಾಗಳಲ್ಲೂ ಇದನ್ನು ಮಾಡುತ್ತೇವೆ.

ಹಿಜರಿ 6ನೇ ವರ್ಷ, ಅಂದರೆ ಕ್ರಿ.ಶ. 628. ಪ್ರವಾದಿಯವರು (ಸ) ಸುಮಾರು 1400 ಸಹಾಬಿಗಳೊಂದಿಗೆ ಹುದೈಬಿಯಾದಲ್ಲಿ ಬೀಡುಬಿಟ್ಟಿದ್ದರು. ಒಂದು ರಾತ್ರಿ ಮಳೆ ಸುರಿಯಿತು. ಫಜ್ರ್ ನಮಾಜ್ ಮುಗಿಸಿ ಪ್ರವಾದಿಯವರು (ಸ) ಜನರತ್ತ ತಿರುಗಿ, ಈ ಬೆಳಗಿನಲ್ಲಿ ಅಲ್ಲಾಹನ ದಾಸರಲ್ಲಿ ಕೆಲವರು ವಿಶ್ವಾಸಿಗಳಾಗಿಯೂ ಕೆಲವರು ಅವಿಶ್ವಾಸಿಗಳಾಗಿಯೂ ಎದ್ದಿದ್ದಾರೆ ಎಂಬ ಅರ್ಥದ ಮಾತು ಹೇಳಿದರು. ಅಲ್ಲಾಹನ ಕೃಪೆಯಿಂದ ಮಳೆಯಾಯಿತು ಎಂದವನು ಅವನಲ್ಲಿ ವಿಶ್ವಾಸವಿಟ್ಟವನು. ಇಂಥ ನಕ್ಷತ್ರದ 'ನೌಅ್'ನಿಂದ ಮಳೆಯಾಯಿತು ಎಂದವನು ನಕ್ಷತ್ರದಲ್ಲಿ ವಿಶ್ವಾಸವಿಟ್ಟವನು. ಜೈದ್ ಬಿನ್ ಖಾಲಿದ್ (ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಮ್ಮ ಯುವಕ ಹೇಳಿದ್ದು ಇದನ್ನೇ.

ಆದರೆ ಈ ಹದೀಸನ್ನು ಕೇಳಿದ ಸಹಾಬಿಗಳು ಮುಂದೆ ಆಕಾಶ ನೋಡುವುದನ್ನು ಬಿಟ್ಟುಬಿಟ್ಟರೇ? ಇಲ್ಲ! ಹಜರತ್ ಉಮರ್ (ರ) ಒಂದು ಶುಕ್ರವಾರ ಮಿಂಬರಿನ ಮೇಲೆ ನಿಂತು, ಸುರಯ್ಯಾದ 'ನೌಅ್' ಇನ್ನೆಷ್ಟು ಉಳಿದಿದೆ ಎಂದು ಹಜರತ್ ಅಬ್ಬಾಸ್ (ರ) ಅವರನ್ನು ಕೇಳಿ ತಿಳಿದು, ಆಮೇಲೆ ಮಳೆಗಾಗಿ ದುಆ ಮಾಡಿದರೆಂಬ ವರದಿ ಇಮಾಮ್ ಶಾಫಿಈ (ಮರಣ ಕ್ರಿ.ಶ. 820) ಅವರ 'ಅಲ್-ಉಮ್ಮ್' ಗ್ರಂಥದಲ್ಲಿದೆ. ಬೇಡಿದ್ದು ಅಲ್ಲಾಹನಲ್ಲಿ, ಕಾಲ ಕೇಳಿದ್ದು ನಕ್ಷತ್ರದ ಲೆಕ್ಕದಲ್ಲಿ. ಇಮಾಮರು ಅದೇ ಜಾಗದಲ್ಲಿ ವಿಷಯವನ್ನು ಬಿಡಿಸಿ ಹೇಳಿದ್ದಾರೆ. ನಕ್ಷತ್ರವೇ ಮಳೆ ಸುರಿಸಿತೆಂಬ ನಂಬಿಕೆಯಿಂದ ಹೇಳಿದರೆ ಅದು ಕುಫ್ರ್. ಇಂಥ ನಕ್ಷತ್ರದ ಹೊತ್ತಿನಲ್ಲಿ ಮಳೆಯಾಯಿತು ಎಂಬ ಅರ್ಥದಲ್ಲಿ ಹೇಳಿದರೆ, ಇಂಥ ತಿಂಗಳಲ್ಲಿ ಮಳೆಯಾಯಿತು ಎಂದ ಹಾಗೆ, ಅದು ಕುಫ್ರ್ ಅಲ್ಲ. ಆದರೂ ಬೇರೆ ಮಾತಿನಲ್ಲಿ ಹೇಳುವುದೇ ತಮಗೆ ಹೆಚ್ಚು ಇಷ್ಟ ಎಂದೂ ಅವರು ಸೇರಿಸಿದ್ದಾರೆ. ಕನ್ನಡದ 'ಆರಿದ್ರೆ ಮಳೆ' ಈ ಎರಡನೆಯ ಅರ್ಥದ್ದೇ ಅಲ್ಲವೇ? ಜೂನ್ ಮಳೆ ಎಂದರೆ ಜೂನ್ ತಿಂಗಳೇ ದೇವರೆಂದು ಯಾರೂ ತಿಳಿಯುವುದಿಲ್ಲ.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟವಾದದ್ದು. ಕುರ್‌ಆನಿನ ಲಿಪಿಕಾರರಾದ ಹಜರತ್ ಜೈದ್ ಬಿನ್ ಸಾಬಿತ್ (ರ) ಅವರಿಗೆ ಮದೀನಾದಲ್ಲಿ ತೋಟವಿತ್ತು. ಬೆಳಗಿನ ಜಾವ ಸುರಯ್ಯಾ ನಕ್ಷತ್ರ ಮೂಡಿ, ಹಣ್ಣು ಹಳದಿಯೋ ಕೆಂಪೋ ಎಂದು ಗೊತ್ತಾಗುವವರೆಗೆ ಅವರು ತೋಟದ ಫಸಲನ್ನು ಮಾರುತ್ತಿರಲಿಲ್ಲವೆಂದು ಬುಖಾರಿಯಲ್ಲಿದೆ. ಅದಕ್ಕೆ ಮೊದಲೇ ಮಾರಿಬಿಟ್ಟರೆ, ಆಮೇಲೆ ರೋಗ ಬಂದು ಹಣ್ಣು ಉದುರಿದಾಗ ಕೊಂಡವನಿಗೂ ಮಾರಿದವನಿಗೂ ಜಗಳ. ಸುರಯ್ಯಾ ಮೂಡುವ ಹೊತ್ತಿಗೆ ಹಿಜಾಜಿನಲ್ಲಿ ಬೇಸಿಗೆ ಬಲಿತು, ಫಸಲಿಗೆ ರೋಗದ ಭಯ ಕಳೆದಿರುತ್ತಿತ್ತು.

ತಿಂಗಳ ಹೆಸರು ಹೇಳಿದರೆ ಸಾಕಿತ್ತಲ್ಲ, ನಕ್ಷತ್ರವೇಕೆ ಎಂದು ನೀವು ಕೇಳಬಹುದು. ಹಿಜರಿ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ರಂಜಾನ್ ಒಮ್ಮೆ ಸೆಕೆಯಲ್ಲಿ, ಒಮ್ಮೆ ಮಳೆಯಲ್ಲಿ, ಒಮ್ಮೆ ಚಳಿಯಲ್ಲಿ ಬರುವುದು ಇದರಿಂದಲೇ. ಸುಮಾರು 33 ವರ್ಷಕ್ಕೆ ಒಂದು ಸುತ್ತು. ಇಬಾದತ್ತಿಗೆ ಇದು ಚೆನ್ನ, ಬಿತ್ತನೆಗೆ ಅಲ್ಲ. ಹಾಗಾಗಿ ಮುಸ್ಲಿಮ್ ರೈತನೂ ನಾವಿಕನೂ ಎಲ್ಲ ಕಾಲದಲ್ಲಿಯೂ ಎರಡು ಲೆಕ್ಕ ಇಟ್ಟುಕೊಳ್ಳಲೇಬೇಕಾಯಿತು, ನಮಾಜ್ ರೋಜಾಗಳಿಗೆ ಚಂದ್ರನದು, ಹೊಲಕ್ಕೆ ಕಡಲಿಗೆ ನಕ್ಷತ್ರದ್ದು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಿ. ಅರಬರ ಲೆಕ್ಕದಲ್ಲಿ ಸುರಯ್ಯಾದ 'ನೌಅ್' ಬರುವುದು ನವೆಂಬರ್ ನಡುವಿನಲ್ಲಿ. ಆಗ ಅದು ಮುಂಜಾನೆ ಪಶ್ಚಿಮದಲ್ಲಿ ಮುಳುಗುತ್ತದೆ, ನಮ್ಮ ಅನುರಾಧದ ಭಾಗದ ನಕ್ಷತ್ರಗಳು ಪೂರ್ವದಲ್ಲಿ ಏಳುತ್ತವೆ. ಅರೇಬಿಯಾದ ಚಳಿಗಾಲದ ಮಳೆಗೆ ಅದು ಹೆಸರುವಾಸಿ. ನಮ್ಮಲ್ಲಿ ಅದೇ ಕೃತ್ತಿಕೆಯ ಮಳೆ ಮೇ ತಿಂಗಳದ್ದು. ಸೂರ್ಯ ಅಲ್ಲಿರುವುದರಿಂದ ಆ ದಿನಗಳಲ್ಲಿ ಕೃತ್ತಿಕೆ ಕಣ್ಣಿಗೇ ಬೀಳುವುದಿಲ್ಲ. ಸುಮಾರು ನಲವತ್ತು ದಿನ ಮರೆಯಾಗಿದ್ದು, ಜೂನ್ ಮೊದಲ ವಾರದ ಸುಮಾರಿಗೆ ಮುಂಜಾನೆ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದೇ ನಕ್ಷತ್ರ, ಅಲ್ಲಿ ನವೆಂಬರಿನ ಮಳೆ, ಇಲ್ಲಿ ಮೇ ತಿಂಗಳ ಮಳೆ! ಮಳೆ ಸುರಿಸುವುದು ನಕ್ಷತ್ರವೇ ಆಗಿದ್ದರೆ ಹೀಗಾಗುತ್ತಿತ್ತೇ? ಗೋಡೆಯ ಗಡಿಯಾರ ಹನ್ನೆರಡು ತೋರಿಸಿದಾಗ ಊಟ ಬರುತ್ತದೆ, ಆದರೆ ಅಡುಗೆ ಮಾಡಿದ್ದು ಗಡಿಯಾರವಲ್ಲ.

ಈ ಜನಪದ ಜ್ಞಾನವನ್ನು ನಮ್ಮ ವಿದ್ವಾಂಸರು ಕೀಳಾಗಿ ಕಾಣಲಿಲ್ಲ. ಬಗ್ದಾದಿನ ಇಬ್ನ್ ಕುತೈಬಾ (ಮರಣ ಕ್ರಿ.ಶ. 889) 'ಕಿತಾಬುಲ್ ಅನ್ವಾ' ಎಂಬ ಗ್ರಂಥವನ್ನೇ ಬರೆದರು. ಅವರು ದೀನವರ್ ಎಂಬ ಊರಿನ ಖಾಜಿಯಾಗಿದ್ದವರು. ಒಂದು ರಾತ್ರಿ ಮರಳುಗಾಡಿನಲ್ಲಿ ತಮ್ಮ ಜೊತೆ ನಡೆದ ಬದುವಿಯೊಬ್ಬನನ್ನು ಯಾವ ಬುಡಕಟ್ಟು ಎಲ್ಲಿದೆ, ನೀರು ಎಲ್ಲಿದೆ ಎಂದು ಕೇಳುತ್ತ ಹೋದಾಗ, ಅವನು ಪ್ರತಿಯೊಂದಕ್ಕೂ ಒಂದೊಂದು ನಕ್ಷತ್ರವನ್ನು ತೋರಿಸಿ ಉತ್ತರ ಕೊಟ್ಟನಂತೆ. ಖಾಜಿಯೊಬ್ಬರು ಓದು ಬಾರದವನ ಬಳಿ ಪಾಠ ಹೇಳಿಸಿಕೊಂಡ ಈ ಪ್ರಸಂಗವನ್ನು ನಾನು ಮರೆಯಲಾರೆ. ಈ ಗ್ರಂಥ ಅಚ್ಚಾದದ್ದು ಕೈರೋದಲ್ಲೋ ಬೈರೂತಿನಲ್ಲೋ ಎಂದುಕೊಂಡಿರಾ? ನಮ್ಮ ಪಕ್ಕದ ಹೈದರಾಬಾದಿನ ದಾಯಿರತುಲ್ ಮಆರಿಫ್‌ನಲ್ಲಿ, 1956ರಲ್ಲಿ! ಸಂಪಾದಿಸಿದವರು ಫ್ರೆಂಚ್ ವಿದ್ವಾಂಸ ಶಾರ್ಲ್ ಪೆಲ್ಲಾ ಮತ್ತು ಹೈದರಾಬಾದಿನಲ್ಲೇ ಹುಟ್ಟಿದ ಡಾ. ಮುಹಮ್ಮದ್ ಹಮೀದುಲ್ಲಾ. ಅದೇ ವರ್ಷದ ನವೆಂಬರಿನಲ್ಲಿ ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದಿಂದ ನಮ್ಮ ರಾಜ್ಯಕ್ಕೆ ಬಂದು ಸೇರಿದವು.

ಸ್ಪೇನಿನ ಕುರ್ತುಬಾದಲ್ಲಿ (ಕಾರ್ಡೋಬಾ) 961ರ ಸುಮಾರಿಗೆ ಇಂಥದೇ ಪಂಚಾಂಗವೊಂದು ಸಿದ್ಧವಾಯಿತು. ಅದಕ್ಕೆ ಅರೀಬ್ ಬಿನ್ ಸಅದ್ ಎಂಬ ಮುಸ್ಲಿಮ್ ವಿದ್ವಾಂಸರ ಹೆಸರೂ ರಬೀಅ್ ಬಿನ್ ಜೈದ್ ಎಂಬ ಕ್ರೈಸ್ತ ಬಿಷಪರ ಹೆಸರೂ ಸೇರಿಕೊಂಡಿವೆ. ಯೆಮನಿನಲ್ಲಿ ಮುಂದೆ ಸುಲ್ತಾನನಾದ ಅಲ್-ಅಶ್ರಫ್ ಉಮರ್ 1271ರಲ್ಲಿ ಬರೆದ ಪಂಚಾಂಗದಲ್ಲಿ ಬಿತ್ತನೆ, ಮಳೆ, ಗಾಳಿಗಳ ಜೊತೆಗೆ ಹಡಗುಗಳು ಹೊರಡುವ ದಿನಗಳೂ ಇವೆ.

ಹಡಗು ಎಂದಾಗ ನಮ್ಮ ಕರಾವಳಿ ನೆನಪಾಗದಿರದು. 'ಮಾನ್ಸೂನ್' ಎಂಬ ಶಬ್ದ ಅರಬಿಯ 'ಮೌಸಿಮ್'ನಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷಿಗೆ ಬಂದದ್ದು. ನಾವು ಉರ್ದುವಿನಲ್ಲಿ 'ಮೌಸಮ್' ಅನ್ನುವುದೂ ಅದನ್ನೇ. ಅರಬ್ ನಾವಿಕನಿಗೆ ಮೌಸಿಮ್ ಎಂದರೆ ಮಳೆಯಲ್ಲ, ಹಾಯಿ ಬಿಚ್ಚುವ ಕಾಲ. ಜುಲ್ಫಾರ್‌ನ ಅಹ್ಮದ್ ಬಿನ್ ಮಾಜಿದ್ 1490ರ ಸುಮಾರಿಗೆ ಬರೆದ 'ಕಿತಾಬುಲ್ ಫವಾಯಿದ್' ಗ್ರಂಥದಲ್ಲಿ ಇದೇ 28 ಮನಾಝಿಲ್‌ಗಳ ವಿವರಣೆಯಿದೆ. ಪ್ರಯಾಣದ ಕಾಲವನ್ನು ನೌರೋಜ್‌ನಿಂದ ಇಷ್ಟನೆಯ ದಿನ ಎಂದು ಎಣಿಸಿದ್ದಾರೆ. ಮಳೆಗಾಲದ ಉಚ್ಛ್ರಾಯದಲ್ಲಿ ಸುಮಾರು ಮೂರು ತಿಂಗಳು ಭಾರತದ ಪಶ್ಚಿಮ ತೀರ ಹಡಗುಗಳಿಗೆ ಮುಚ್ಚಿರುತ್ತಿತ್ತು. ಇಂದಿಗೂ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮವದು, ಆದರೆ ಕಡಲಿನ ಆ ಹಳೆಯ ರಜೆಯೊಳಗೇ ಬೀಳುತ್ತದೆ.

ವಾಸ್ಕೋ ಡ ಗಾಮಾನಿಗೆ ದಾರಿ ತೋರಿಸಿದ್ದು ಇದೇ ಇಬ್ನ್ ಮಾಜಿದ್ ಎಂದು ಎಷ್ಟೋ ಪುಸ್ತಕಗಳಲ್ಲಿ ಓದಿರುತ್ತೀರಿ. ಇಂದಿನ ಸಂಶೋಧಕರು ಅದನ್ನು ಒಪ್ಪುವುದಿಲ್ಲ. ಆದರೆ ದಾರಿ ಬಲ್ಲ ಒಬ್ಬ ನಾವಿಕ ಮಾಲಿಂದಿಯಲ್ಲಿ ಹಡಗು ಹತ್ತಿದ್ದು ನಿಜ. 1498ರ ಏಪ್ರಿಲ್ 24ಕ್ಕೆ ಹೊರಟವರಿಗೆ ಮೇ 18ಕ್ಕೆ ಭಾರತದ ನೆಲ ಕಂಡಿತು. ಸರಿಯಾದ ಮೌಸಿಮ್! ಹಿಂದಿರುಗುವಾಗ ಏನಾಯಿತು ನೋಡಿ. ಕಲ್ಲಿಕೋಟೆಯಲ್ಲಿ ಮನಸ್ತಾಪವಾಗಿ ಆಗಸ್ಟ್ ಕೊನೆಯಲ್ಲೇ ಹೊರಟು, ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ತಂಗಿ, ಅಕ್ಟೋಬರ್ 5ಕ್ಕೆ ಅಲ್ಲಿಂದ ಹಾಯಿ ಬಿಚ್ಚಿದರು. ಈಶಾನ್ಯ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಎದುರುಗಾಳಿ, ಇಲ್ಲವೇ ಗಾಳಿಯೇ ಇಲ್ಲ. ಹೋಗುವಾಗ ಮೂರೂವರೆ ವಾರದ ಹಾದಿ ಬರುವಾಗ ಮೂರು ತಿಂಗಳಾಯಿತು. ಆಫ್ರಿಕಾದ ತೀರ ಕಾಣುವ ಹೊತ್ತಿಗೆ 1499ರ ಜನವರಿ. ವಸಡು ಕೊಳೆಯುವ ಸ್ಕರ್ವಿ ರೋಗಕ್ಕೆ ಸುಮಾರು 30 ಮಂದಿ ಆ ದಾರಿಯಲ್ಲೇ ತೀರಿಕೊಂಡಿದ್ದರು. ಅದೇ ದ್ವೀಪದಲ್ಲಿ ಇನ್ನೊಂದು ತಿಂಗಳು ಕಾದಿದ್ದರೆ ಸಾಕಿತ್ತು.

(ಅಂಜದೀವ್‌ನಿಂದ ದಕ್ಷಿಣಕ್ಕೆ ಸಾಗಿದರೆ ಹೊನ್ನಾವರ. 14ನೇ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತಾ, ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ವಿಷಯಾಂತರವಾದರೂ ಶಿಕ್ಷಣ ಸಂಸ್ಥೆಯ ಈ ಪುಟಗಳಲ್ಲಿ ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.)

ಹಾಗಾದರೆ ಹಿರಿಯರ ಲೆಕ್ಕವೆಲ್ಲ ಇಂದಿಗೂ ಸರಿಯೇ? ಹಾಗೆನ್ನಲು ಬರುವುದಿಲ್ಲ. ನಕ್ಷತ್ರ ಹೇಳುವುದು ವಾಡಿಕೆಯನ್ನು, ಈ ವರ್ಷದ ಮಳೆಯನ್ನಲ್ಲ. ಆರಿದ್ರೆಯಲ್ಲಿ ಸಾಮಾನ್ಯವಾಗಿ ಮುಂಗಾರು ಬಲಿತಿರುತ್ತದೆ ಎಂಬಷ್ಟೇ ಅದರ ಮಾತು. ಈ ವರ್ಷ ಕೈಕೊಡುವುದೇ ಎಂದು ತಿಳಿಯಲು ಪೆಸಿಫಿಕ್ ಸಾಗರದ ಬಿಸಿಯನ್ನೂ ಲೆಕ್ಕ ಹಾಕಬೇಕೆಂಬುದು ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ. 1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯೂ 1886ರಲ್ಲಿ ಹಿಮಾಲಯದ ಹಿಮ ನೋಡಿ ಮುಂಗಾರಿನ ಭವಿಷ್ಯ ಹೇಳಲು ತೊಡಗಿ ಬಹಳ ಸಲ ಎಡವಿಯೇ ಕಲಿತದ್ದು. ಅಲ್ಲದೆ ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರದ ಲೆಕ್ಕ ಸುಮಾರು 72 ವರ್ಷಕ್ಕೆ ಒಂದು ದಿನ ಋತುವಿನಿಂದ ಜಾರುತ್ತದೆ. ಐನೂರು ವರ್ಷದ ಹಿಂದೆ ಕಟ್ಟಿದ ಗಾದೆ ಇಂದು ಒಂದು ವಾರ ತಪ್ಪಿದೆ ಎಂದೇ ಅರ್ಥ. ಚಂದ್ರನ ಸುತ್ತ ಬಳೆ ಕಟ್ಟಿದರೆ ಮಳೆ ಎಂಬುದರಲ್ಲಿ ಹುರುಳಿದೆ, ಎತ್ತರದ ತೆಳುಮೋಡದ ಹಿಮಕಣಗಳಿಂದ ಆ ಬಳೆಯಾಗುವುದು. ಇರುವೆ ಮೊಟ್ಟೆ ಹೊತ್ತು ಮೇಲೇರುವುದು, ಮಳೆಹುಳ ಏಳುವುದು ಗಾಳಿಯ ತೇವದ ಸೂಚನೆಗಳಿರಬಹುದು, ಆದರೆ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ. ಇವುಗಳ ಜೊತೆಗೆ ಜಾತಕ, ಗ್ರಹದೋಷ, ತಾಯಿತ ಮಾರುವವರ ಮಾತನ್ನು ಸೇರಿಸಿಕೊಳ್ಳುವುದಂತೂ ಯಾವ ರೀತಿಯಲ್ಲೂ ಸಲ್ಲದು. ಹುದೈಬಿಯಾದ ಆ ಮುಂಜಾನೆಯ ಮಾತು ನೇರವಾಗಿ ತಾಗುವುದು ಅಂಥವರಿಗೆ.

ಇಷ್ಟನ್ನು ಓದಿಕೊಂಡ ಮೇಲೆ ನಾನು ಒಂದು ಸಂಜೆ ಆ ಚಾಚಾರ ಮನೆಗೆ ಹೋದೆ. ಮೇ ತಿಂಗಳ ಕೊನೆ. ಅಂಗಳದಲ್ಲಿ ಕುಳಿತು ಜೈದ್ ಬಿನ್ ಸಾಬಿತ್ (ರ) ಅವರ ತೋಟದ ಕಥೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಖರ್ಜೂರಕ್ಕೂ ರೋಗ ಬರುತ್ತದಾ ಬೇಟಾ?"

ಬರುತ್ತದೆ, ಹಣ್ಣು ಕೊಳೆತು ಉದುರುತ್ತದಂತೆ ಎಂದೆ.

"ನಮ್ಮ ಅಡಿಕೆಯ ಕೊಳೆರೋಗದ ಹಾಗೇ ಅನ್ನು" ಎಂದು ಅವರು ಎದ್ದು, ಮೊಮ್ಮಗನನ್ನು ಕೂಗಿ ಮೈಲುತುತ್ತಿನ ಚೀಲ ಎಲ್ಲಿಟ್ಟಿದ್ದೀಯ ಎಂದು ವಿಚಾರಿಸಿದರು. ಆರಿದ್ರೆ ಹಿಡಿಯುವ ಮೊದಲು ಒಂದು ಸಲವಾದರೂ ಔಷಧಿ ಹೊಡೆದು ಮುಗಿಸಬೇಕು, ಇನ್‌ಷಾ ಅಲ್ಲಾಹ್, ಅಂದರು.